ಖಡ್ಗದ ದೊರೆ, ಜೀಪಿನ ದೊರೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ಬ್ರಿಟಿಷರ ಆಳ್ವಿಕೆ ಇನ್ನೂ ಮುಗಿದಿಲ್ಲ. ಕೈಕಾಲು ಮುರಿದವರು ಲಾರ್ಡ್ ವೆನ್‌ಲಾಕರ ಬಾಗಿಲಿಗೆ ಹೋಗುತ್ತಾರೆ, ಹೆರಿಗೆ ನೋವು ಬಂದವರು ಲೇಡಿ ಗೋಷನ್ನರ ಬಾಗಿಲಿಗೆ. ಗಂಡ ಹೆಂಡತಿಯ ಹೆಸರೂ ಒಂದೇ ಅಲ್ಲದ ಈ ದೊರೆ-ದೊರೆಸಾನಿ ಇಬ್ಬರೂ ನಗರದ ನಡುಮಧ್ಯೆ ಸರಕಾರಿ ಆಸ್ಪತ್ರೆಗಳಾಗಿ ಕೂತಿದ್ದಾರೆ. ಕಾಸರಗೋಡಿನಿಂದ, ಕೊಡಗಿನಿಂದ, ಚಿಕ್ಕಮಗಳೂರಿನಿಂದ ಜನ ಬಸ್ಸು ಹಿಡಿದು ಬರುತ್ತಾರೆ. "ವೆನ್‌ಲಾಕಿಗೆ ಬಿಡಿ ಮಾರ್ರೆ" ಎಂದರೆ ರಿಕ್ಷಾದವರಿಗೆ ಬೇರೆ ಗುರುತು ಬೇಡ. ಆ ವೆನ್‌ಲಾಕ್ ಯಾರು ಎಂದು ಕೇಳಿದರೆ, "ಎಂತದೋ ಹಳೇ ಡಾಕ್ಟ್ರಿರಬೇಕು" ಎಂಬ ಉತ್ತರ ಬಂದೀತು.

ಡಾಕ್ಟರಲ್ಲ. 1891ರಿಂದ 1896ರವರೆಗೆ ಮದರಾಸಿನ ಗವರ್ನರಾಗಿದ್ದ ಮೂರನೆಯ ಬ್ಯಾರನ್ ವೆನ್‌ಲಾಕ್, ನಿಜನಾಮ ಬೀಲ್ಬಿ ಲಾಲಿ. ಆಸ್ಪತ್ರೆ ಶುರುವಾದದ್ದು 1848ರಲ್ಲಿ, ಸಾಹೇಬರು ಹುಟ್ಟಿದ್ದು 1849ರಲ್ಲಿ. ತಾವು ಹುಟ್ಟುವ ಮೊದಲೇ ಕೆಲಸ ಆರಂಭಿಸಿದ ಆಸ್ಪತ್ರೆಗೆ ಹೆಸರಾಗುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ಹಿಂದಿನ ಸರಕಾರ ಮುಗಿಸಿದ ಸೇತುವೆಗೆ ತನ್ನ ಕಲ್ಲು ಹಾಕಿಸಿಕೊಳ್ಳುವ ನಮ್ಮ ಶಾಸಕರು ಈ ಪರಂಪರೆಯ ಮುಂದೆ ತೀರಾ ಸಣ್ಣವರು.

ಈ ಮನೆತನದ ಹಿನ್ನೆಲೆ ಇನ್ನೂ ಚಂದ ಉಂಟು. ಅಜ್ಜ, ಮೊದಲನೆಯ ಬ್ಯಾರನ್, 1840ರಿಂದ 1847ರವರೆಗೆ ಯಾರ್ಕ್‌ಶೈರಿನ ಈಸ್ಟ್ ರೈಡಿಂಗ್ ಎಂಬ ಹೊಲ-ಗದ್ದೆಗಳ ಸೀಮೆಗೆ ಲಾರ್ಡ್ ಲೆಫ್ಟಿನೆಂಟ್, ಅಂದರೆ ದೊರೆಯ ಪ್ರತಿನಿಧಿ. ಅಪ್ಪ, ಎರಡನೆಯ ಬ್ಯಾರನ್, 1864ರಿಂದ 1880ರವರೆಗೆ ಅದೇ ಸೀಮೆಗೆ ಅದೇ ಹುದ್ದೆ. ಎಂಟನೆಯ ಹೆನ್ರಿಯ ಕಾಲದಲ್ಲಿ ಹುಟ್ಟಿದ ಈ ಹುದ್ದೆಗೆ ಮೊದಲು ನಿಜವಾದ ಕೆಲಸವಿತ್ತು: ಯುದ್ಧ ಬಂದರೆ, ದಂಗೆ ಎದ್ದರೆ, ಊರಿನ ಗಂಡಾಳುಗಳನ್ನು ಒಟ್ಟುಮಾಡಿ ರಾಜನ ಕಡೆ ನಿಲ್ಲಿಸುವುದು. 1871ರಲ್ಲಿ ಪಾರ್ಲಿಮೆಂಟು ಆ ಪಡೆಯ ಅಧಿಕಾರವನ್ನು ಕಸಿದುಕೊಂಡಿತು. ಖಡ್ಗವನ್ನು ಮಾತ್ರ ಕಸಿದುಕೊಳ್ಳಲಿಲ್ಲ. ಅಂದಿನಿಂದ ಸಮವಸ್ತ್ರ ಧರಿಸಿ, ಕುದುರೆ ಇಲ್ಲದಿದ್ದರೂ ಬೂಟಿಗೆ ಕುದುರೆ ಸವಾರನ ಮುಳ್ಳು ಕಟ್ಟಿ, ರಾಜಮನೆತನದವರು ಬಂದಾಗ ರೈಲು ನಿಲ್ದಾಣದಲ್ಲಿ ಎದುರುಗೊಳ್ಳುವುದು, ಪದಕ ಹಂಚುವುದು, ಕೈ ಕುಲುಕುವುದು. ಬೀಲ್ಬಿ ಲಾಲಿಯ ಅಪ್ಪ ಆ ಹುದ್ದೆಯಲ್ಲಿದ್ದಾಗಲೇ ಈ ಬದಲಾವಣೆ ಆದದ್ದು. ಅಧಿಕಾರ ಹೋದ ಮೇಲೂ ಒಂಬತ್ತು ವರ್ಷ ಅವರು ಕುರ್ಚಿ ಬಿಡಲಿಲ್ಲ. ಇದನ್ನು ನೋಡಿ ಬೆಳೆದ ಮಗ ಮದರಾಸಿಗೆ ಬಂದರು. ಆಮೇಲೆ 1906ರಲ್ಲಿ ತಮ್ಮ ಆರ್ಥರ್ ಲಾಲಿಯೂ ಅದೇ ಮದರಾಸಿಗೆ ಗವರ್ನರಾಗಿ ಬಂದರು. ಕುಟುಂಬ ರಾಜಕಾರಣ ನಮ್ಮ ಪಕ್ಷಗಳು ಕಂಡುಹಿಡಿದದ್ದು ಎಂದು ಬೈಯುವವರು ಸ್ವಲ್ಪ ಚರಿತ್ರೆ ಓದಬೇಕು.

ದೊರೆಯ ಪ್ರತಿನಿಧಿ ಹೊರಗಿನಿಂದ ಬಂದಿಳಿಯುವ ನಮ್ಮ ಕಡೆಯ ಕಥೆ ಇದಕ್ಕಿಂತ ಹಳೆಯದು. ವಿಜಯನಗರದ ಕಾಲದಲ್ಲೇ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಮಾಡಿ ಒಡೆಯರನ್ನು ಘಟ್ಟದ ಮೇಲಿನಿಂದ ಕಳಿಸುತ್ತಿದ್ದರು. ಆಮೇಲೆ ಕೆಳದಿಯವರು, ಹೈದರ್, ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿ ಸರಕಾರ ಕೆನರಾಕ್ಕೆ ಥಾಮಸ್ ಮನ್ರೋ ಎಂಬ ಕಲೆಕ್ಟರನ್ನು ಕಳಿಸಿತು. ಆ ಮನುಷ್ಯ ಘಟ್ಟ ಇಳಿದದ್ದೇ ಆಟಿ-ಸೋಣದ ಮಳೆಗೆ. ಬಾರಾಮಹಲಿನ ಒಣ ಬಯಲಿನಲ್ಲಿ ಏಳು ವರ್ಷ ಸುಖವಾಗಿದ್ದವರು ಇಲ್ಲಿನ ಮಳೆ ಕಂಡು ಕಂಗಾಲಾಗಿ, ನನ್ನನ್ನು ಇಲ್ಲಿಂದ ಬಿಡಿಸಿ ಎಂದು ಮೇಲಿನವರಿಗೆ ಬರೆಯತೊಡಗಿದರು. ಮರುವರ್ಷವೇ ಬಳ್ಳಾರಿ-ಕಡಪ ಸೀಮೆಗೆ ವರ್ಗಾವಣೆ ಸಿಕ್ಕಿತು. ಜಿಲ್ಲೆಗೆ ಬಂದ ಮೊದಲ ಕಲೆಕ್ಟರೇ ವರ್ಗಾವಣೆಗೆ ಓಡಾಡಿದವರು ಎಂಬುದನ್ನು ನಮ್ಮ ಅಧಿಕಾರಿಗಳು ಅಭಿಮಾನದಿಂದ ನೆನೆಯಬೇಕು. ಹೋಗುವಾಗ ಕಂದಾಯವನ್ನು ಮಾತ್ರ ಗಟ್ಟಿಯಾಗಿ ನಿಗದಿ ಮಾಡಿ ಹೋದರು. ಇನ್ನೂರು ಚಿಲ್ಲರೆ ವರ್ಷಗಳ ನಂತರ, 2025ರಲ್ಲಿ, ಇಡೀ ಕಲೆಕ್ಟರ ಕಚೇರಿಯೇ ಪಡೀಲಿಗೆ ವರ್ಗಾವಣೆ ತೆಗೆದುಕೊಂಡಿತು.

ಒಂದು ಸಲ ಮಾತ್ರ ಹಂಪನಕಟ್ಟೆಯವರು ದೊರೆಯ ಪ್ರತಿನಿಧಿಗೆ ಬೇರೆ ಥರ ಸ್ವಾಗತ ಕೊಟ್ಟರು. 1837ರ ಏಪ್ರಿಲಿನಲ್ಲಿ ಕಲ್ಯಾಣಪ್ಪನ ಕಾಟಕಾಯಿ ಎಂಬ ರೈತ ದಂಗೆ ಸುಳ್ಯದ ಕಡೆಯಿಂದ ನುಗ್ಗಿ ಬಂತು. ರೈತರ ದಂಡು ಮೇಲಿನ ಬಾವುಟಗುಡ್ಡೆಯಲ್ಲಿ ತನ್ನ ಧ್ವಜ ಏರಿಸಿತು. ಕಂಪೆನಿಯ ಸಾಹೇಬರು ಕಡಲ ದಾರಿ ಹಿಡಿದರು. ಹದಿಮೂರು ದಿನ ಮಂಗಳೂರಿಗೆ ದೊರೆಯೂ ಇಲ್ಲ, ದೊರೆಯ ಪ್ರತಿನಿಧಿಯೂ ಇಲ್ಲ. ಆ ಹದಿಮೂರು ದಿನ ಯಾವ ಕಡತ ಯಾವ ಮೇಜಿನಲ್ಲಿ ಬಾಕಿ ಉಳಿಯಿತು ಎಂದು ಯಾರೂ ದೂರಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಹಡಗಿನಲ್ಲಿ ಸೈನ್ಯ ಬಂದ ಮೇಲೆ ಮುಂದಾಳುಗಳಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರಿಗೆ ಬಾವುಟಗುಡ್ಡೆಯಲ್ಲಿ ಪ್ರತಿಮೆ ನಿಂತದ್ದು 2022ರಲ್ಲಿ. ಓಡಿಹೋದವರ ಕಡೆಯವರಿಗೆ ಅದಕ್ಕೂ ಎಷ್ಟೋ ಮೊದಲೇ ಕೆಳಗೆ ಎರಡು ಆಸ್ಪತ್ರೆ ಸಿಕ್ಕಿತ್ತು. ನೇಣು ಹಾಕಿಸಿಕೊಂಡವರಿಗಿಂತ ಹಾಕಿದವರಿಗೆ ನಾವು ಬೇಗ ಹೆಸರಿಟ್ಟೆವು, ಅದೂ ಜಾಗ ನೋಡಿ ಇಟ್ಟೆವು.

ಈಗ ಬ್ಯಾರನ್ ಇಲ್ಲ, ವೈಸ್‌ರಾಯ್ ಇಲ್ಲ. ಆದರೆ ಹುದ್ದೆ ಖಾಲಿ ಬಿಡುವ ಜನ ನಾವಲ್ಲ. ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲದ 'ಜಿಲ್ಲಾ ಉಸ್ತುವಾರಿ ಸಚಿವ' ಎಂಬೊಂದು ಸ್ಥಾನವನ್ನು ಆದೇಶ ಹೊರಡಿಸಿ ಸೃಷ್ಟಿಸಿಕೊಂಡೆವು. ಆಗಸ್ಟ್ 15, ಜನವರಿ 26, ನವೆಂಬರ್ 1 ಬಂತೆಂದರೆ ನೆಹರೂ ಮೈದಾನದಲ್ಲಿ ಶಾಮಿಯಾನ ಏಳುತ್ತದೆ. ಸಚಿವರು ಬರುತ್ತಾರೆ, ತೆರೆದ ಜೀಪಿನಲ್ಲಿ ನಿಂತು ಪೊಲೀಸರ, ಎನ್‌ಸಿಸಿ ಮಕ್ಕಳ ಸಾಲನ್ನು ದಾಟುತ್ತಾರೆ, ಗೌರವ ವಂದನೆ ಸ್ವೀಕರಿಸುತ್ತಾರೆ. ಇಲಾಖೆಯವರು ಬರೆದುಕೊಟ್ಟ ಭಾಷಣದಲ್ಲಿ ತುಳುನಾಡು, ಪರಶುರಾಮ, ಯಕ್ಷಗಾನ, ಕಂಬಳ, ಬ್ಯಾಂಕುಗಳ ತೊಟ್ಟಿಲು ಎಲ್ಲವೂ ಸರದಿಯಂತೆ ಬಂದು ಹೋಗುತ್ತವೆ. ಪದಕ, ಶಾಲು, ಹಣ್ಣಿನ ಬುಟ್ಟಿ. ಬಿಸಿಲಿಗೆ ಒಂದೆರಡು ಮಕ್ಕಳು ತಲೆ ತಿರುಗಿ ಬಿದ್ದರೆ ವೆನ್‌ಲಾಕ್ ಹತ್ತಿರವೇ ಉಂಟಲ್ಲ. ಮೂರು ತಿಂಗಳಿಗೊಮ್ಮೆ ಕೆಡಿಪಿ ಎಂಬ ಅಭಿವೃದ್ಧಿ ಪರಿಶೀಲನಾ ಸಭೆ: ಹಿಂದಿನ ಸಭೆಯಲ್ಲಿ ಸಿಟ್ಟಾಗಿ ಕೇಳಿದ ಪ್ರಶ್ನೆಯನ್ನು ಈ ಸಭೆಯಲ್ಲೂ ಸಿಟ್ಟಾಗಿ ಕೇಳುವುದು, ಅಧಿಕಾರಿ ಪರಿಶೀಲಿಸುತ್ತೇನೆ ಎನ್ನುವುದು. ಬಜ್ಪೆಯಿಂದ ಬೆಂಗಳೂರಿಗೆ ವಿಮಾನ ಎಷ್ಟು ಗಂಟೆಗೋ ಸಭೆ ಅಷ್ಟರೊಳಗೆ ಮುಗಿಯಲೇಬೇಕು.

ನೇಮಕದ ಲೀಲೆಯನ್ನು ಸ್ವಲ್ಪ ನೋಡಿ. 2022ರ ಜನವರಿಯಲ್ಲಿ ಬೊಮ್ಮಾಯಿ ಸರಕಾರ ಈ ಜಿಲ್ಲೆಯ ಸುಳ್ಯದ ಅಂಗಾರರನ್ನು ಉಡುಪಿಗೂ, ಉಡುಪಿ ಜಿಲ್ಲೆಯ ಕಾರ್ಕಳದ ಸುನಿಲ್ ಕುಮಾರರನ್ನು ದಕ್ಷಿಣ ಕನ್ನಡಕ್ಕೂ ಉಸ್ತುವಾರಿ ಮಾಡಿತು. ತಂತಮ್ಮ ಊರಲ್ಲೇ ಬಿಟ್ಟಿದ್ದರೆ ಇಬ್ಬರಿಗೂ ಎಲ್ಲಿ ಹೊಂಡ ಎಂದು ಗೊತ್ತಿರುತ್ತಿತ್ತು. ಆ ಅಪಾಯ ತಪ್ಪಿತು. 2023ರಲ್ಲಿ ಕಾಂಗ್ರೆಸ್ಸು ಗೆದ್ದಿತು, ಆದರೆ ಈ ಜಿಲ್ಲೆಯ ಎಂಟರಲ್ಲಿ ಎರಡೇ ಸ್ಥಾನ. ಒಬ್ಬರಾದ ಖಾದರ್ ಸ್ಪೀಕರ್ ಪೀಠಕ್ಕೆ ಹೋದರು, ಪುತ್ತೂರಿನವರು ಮೊದಲ ಸಲದ ಶಾಸಕರು. ಹಾಗಾಗಿ ಬೆಂಗಳೂರಿನ ಗಾಂಧಿನಗರದ ದಿನೇಶ್ ಗುಂಡೂರಾಯರು ಉಸ್ತುವಾರಿಯಾಗಿ ಇಳಿದು ಬಂದರು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದ ಕಡೆಯ ಕ್ಷೇತ್ರದವರಿಗೆ ನಮ್ಮ ಸ್ಟೇಟ್ ಬ್ಯಾಂಕ್ ನಿಲ್ದಾಣದ ಬಸ್ಸುಗಳ ಸದ್ದು ಹೊಸದಾಗಿ ಕಂಡಿರಲಿಕ್ಕಿಲ್ಲ. ಕೈಯಲ್ಲಿದ್ದದ್ದು ಆರೋಗ್ಯ ಖಾತೆ, ಆದ್ದರಿಂದ ಮದರಾಸಿನ ಮಾಜಿ ಗವರ್ನರು ಅವರ ಕೈಕೆಳಗೇ ಬಂದುಬಿಟ್ಟರು. ವ್ಯಕ್ತಿಗಳ ಮೇಲೆ ನನಗೆ ತಕರಾರಿಲ್ಲ. ಯಾವ ಪಕ್ಷದ ಯಾರೇ ಬಂದರೂ ಆ ಜೀಪಿನಲ್ಲಿ ನಿಲ್ಲಲು ಅಷ್ಟೇ ಜಾಗ ಇರುವುದು. ಕೋಮುಗಲಭೆಗೆ ಊರು ಹೊತ್ತಿದಾಗ, ಮಳೆಗೆ ಗುಡ್ಡ ಕುಸಿದಾಗ "ಉಸ್ತುವಾರಿ ಎಲ್ಲಿ?" ಎಂದು ವಿರೋಧ ಪಕ್ಷ ಕೇಳುತ್ತದೆ. ತಾನು ಅಧಿಕಾರದಲ್ಲಿದ್ದಾಗ ಅದೇ ಪ್ರಶ್ನೆಯನ್ನು ಎದುರಿನವರು ಕೇಳಿದ್ದನ್ನು ಅದು ಮರೆತಿರುತ್ತದೆ.

ಇಂಗ್ಲೆಂಡಿನಲ್ಲಿ ಈಸ್ಟ್ ರೈಡಿಂಗನ್ನು 1974ರಲ್ಲಿ ಅಳಿಸಿ, 1996ರಲ್ಲಿ ಮತ್ತೆ ತಂದರು. ಬ್ಯಾರನ್ ವೆನ್‌ಲಾಕ್ ಎಂಬ ಪದವಿ ಮಾತ್ರ 1932ರಲ್ಲಿ ಆರ್ಥರ್ ಲಾಲಿ ತೀರಿಕೊಂಡಾಗ ವಾರಸುದಾರರಿಲ್ಲದೆ ಹೋಯಿತು, ಮರಳಲಿಲ್ಲ. ಅಲ್ಲಿ ಅಳಿದ ಹೆಸರು ಇಲ್ಲಿ ಊಟಿಯ ಹುಲ್ಲುಗಾವಲಿನಲ್ಲೂ ಹಂಪನಕಟ್ಟೆಯ ಹೊರರೋಗಿ ಚೀಟಿಯಲ್ಲೂ ದಿನಾ ಅಚ್ಚಾಗುತ್ತಿದೆ. ಲಾರ್ಡ್ ಲೆಫ್ಟಿನೆಂಟ್ ಹುದ್ದೆ ಮಾತ್ರ ಅಲ್ಲಿ ಗಟ್ಟಿಯಾಗಿ ಉಂಟು. ಅದಕ್ಕೆ ಮೂರು ಕಟ್ಟುಪಾಡು: ಸಂಬಳ ಇಲ್ಲ, 75ಕ್ಕೆ ನಿವೃತ್ತಿ, ಆ ಸೀಮೆಯಲ್ಲೇ ನೆಲೆಸಿದವರನ್ನೇ ನೇಮಿಸುವುದು ರೂಢಿ.

ಈ ಮೂರನ್ನೂ ನಮ್ಮ ಉಸ್ತುವಾರಿಗಳಿಗೆ ಅನ್ವಯಿಸೋಣ ಎಂದು ಯಾರಾದರೂ ಕೆಡಿಪಿ ಸಭೆಯಲ್ಲಿ ಎದ್ದು ಹೇಳಿದರೆ ಏನಾದೀತು? ಸಂಬಳ ಬಿಡಲು ಸಚಿವರು ಒಪ್ಪಿಯಾರು; ಅದರಿಂದ ಬದುಕುವವರು ಅಲ್ಲಿ ಯಾರೂ ಇಲ್ಲ. 75ರ ಮಾತಿಗೆ ಹೈಕಮಾಂಡಿನ ಕಡೆ ಕೈ ತೋರಿಸಿಯಾರು. ಮೂರನೆಯದಕ್ಕೆ ಮಾತ್ರ ಗಡಿಯಾರ ನೋಡಿಕೊಂಡು, ವಿಮಾನಕ್ಕೆ ಹೊತ್ತಾಯಿತು, ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದು ಎದ್ದಾರು.