ವಾರದ ಮಾಲು

ಈ ವಾರದ ಮಾಲು ಹೀಗಿದೆ: ರೆಂಬ್ರಾಂಟ್ 1642ರಲ್ಲಿ ಬರೆದ ಚಿತ್ರದೊಳಗಿನ ಒಬ್ಬ ಸಿಪಾಯಿಯ ಮೂಗು, ಹಳೇ ಕನ್ನಡ ಪುಸ್ತಕವೊಂದರ ಪುಟದ ಮೇಲೆ ಸ್ಕ್ಯಾನ್ ಮಾಡಿದವರ ಹೆಬ್ಬೆರಳು, ಬೀಚಿಯವರ ಹೆಸರಿನಲ್ಲಿ ಊರೂರು ತಿರುಗುತ್ತಿರುವ, ಬೀಚಿ ಕನಸಿನಲ್ಲೂ ಬರೆದಿರಲಾರದ ಒಂದು ಜೋಕು, ಕಪ್ಪು-ಬಿಳುಪು ಕಾಲದ ಒಂದು ಸಿನಿಮಾ ಪೋಸ್ಟರು, ಅದರಲ್ಲಿ ನಾಯಕನಿಗಿಂತ ಖಳನಾಯಕನೇ ಲಕ್ಷಣವಾಗಿದ್ದಾನೆ. ಇಂಥವನ್ನೆಲ್ಲ ವಾರವಿಡೀ ಇಂಟರ್ನೆಟ್ಟಿನಲ್ಲಿ ಆಯ್ದು, ಭಾನುವಾರ ಬೆಳಿಗ್ಗೆ ಪಟ್ಟಿ ಮಾಡಿ ಬಂಧುಬಳಗದವರ ಫೋನಿಗೆ ಕಳಿಸುತ್ತೇನೆ. ಕಳಿಸಿ ಅಂತ ಯಾರೂ ಕೇಳಿಲ್ಲ. ಕೇಳಿದವರಿಗೆ ಕೊಟ್ಟರೆ ಅದು ವ್ಯಾಪಾರ, ಕೇಳದವರಿಗೂ ಕೊಟ್ಟರೆ ಸಾಹಿತ್ಯಸೇವೆ.

ಮೂಗಿನ ವಿಚಾರ ಸ್ವಲ್ಪ ಹೇಳಬೇಕು. ‘ನೈಟ್ ವಾಚ್’ ಅನ್ನುವ ಆ ಚಿತ್ರ ಇರುವುದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ. ಅಲ್ಲಿಯವರು 2022ರಲ್ಲಿ ಅದರ 717 ಗಿಗಾಪಿಕ್ಸೆಲ್ಲಿನ ಫೋಟೊ ತೆಗೆದು ಯಾರು ಬೇಕಾದರೂ ನೋಡಲಿ ಅಂತ ಇಂಟರ್ನೆಟ್ಟಿಗೆ ಹಾಕಿಬಿಟ್ಟರು. ದೊಡ್ಡದು ಮಾಡುತ್ತ ಹೋದಂತೆ ಮನುಷ್ಯ ಹೋಗಿ ಮುಖ ಉಳಿಯುತ್ತದೆ, ಮುಖ ಹೋಗಿ ಮೂಗು, ಮೂಗೂ ಹೋಗಿ ಬಣ್ಣದ ಬಿರುಕು. ಹೂವಿನಹಡಗಲಿಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿಗೆ ಒರಗಿದರೆ ಮಾತ್ರ. ಹಾಗೆ ಒರಗಿಕೊಂಡು ನಾನು ಮೂಗಿನ ಹೊಳ್ಳೆಯ ತನಕ ಹೋಗಿದ್ದಾಗ ಮನೆಯವಳು ಬಟ್ಟೆ ಒಣಗಿಸಲು ಬಂದಳು.

‘ಏನ್ರೀ ಅದು?’

‘ಮೂಗು.’

‘ಯಾರದು?’

‘ಡಚ್ ಸಿಪಾಯಿದು. ನಾನ್ನೂರು ವರ್ಷ ಆಗಾಕ ಬಂತು.’

‘ಬಚ್ಚಲದಾಗಿನ ನಲ್ಲಿ ಮೊನ್ನಿಂದ ಸೋರಾಕತ್ತೈತಿ. ಅದನ್ನೂ ಹಿಂಗ ದೊಡ್ಡದು ಮಾಡಿ ನೋಡ್ರಿ, ಎಲ್ಲಿ ಬಿರುಕು ಬಿಟ್ಟೈತಿ ಗೊತ್ತಾಗ್ತೈತಿ.’

ಈ ಚಟ ನನಗೆ ಬಂದದ್ದು ದೊಡ್ಡಪ್ಪನಿಂದ. ಅವರು ಹತ್ತಿ ವ್ಯಾಪಾರದವರು. ಲೆಕ್ಕ ಮುಗಿದ ಖಾತೆ-ಕಿರ್ದಿ ಪುಸ್ತಕಗಳಲ್ಲಿ, ಬಾಕಿ ಉಳಿಸಿಕೊಂಡವರ ಹೆಸರುಗಳ ಮೇಲೆಯೇ, ‘ಸುಧಾ’ದ್ದೋ ‘ಪ್ರಜಾವಾಣಿ’ ಪುರವಣಿಯದೋ ಕಟಿಂಗುಗಳನ್ನು ಅಂಟಿಸುತ್ತಿದ್ದರು. ಮೈದಾ ಅಂಟಿಗೆ ಚೂರು ಮೈಲುತುತ್ತ ಬೆರೆಸಿದರೆ ಹುಳ ಹತ್ತುವುದಿಲ್ಲ ಎಂಬುದು ಅವರ ನಂಬಿಕೆ. ಹುಳಗಳ ನಂಬಿಕೆ ಬೇರೆ ಇತ್ತು. ಕಟಿಂಗನ್ನು ಒಂದೇ ಅಂಚಿಗೆ ಅಂಟಿಸುತ್ತಿದ್ದರು, ಆದ್ದರಿಂದ ಎತ್ತಿ ಹಿಂಬದಿಯನ್ನೂ ಓದಬಹುದಿತ್ತು. ಮುಂದುಗಡೆ ಯಾರೋ ದೊಡ್ಡವರ ವಿಚಾರಪೂರ್ಣ ಲೇಖನ. ಹಿಂದುಗಡೆ ಕೂದಲೆಣ್ಣೆಯ ಅರ್ಧ ಜಾಹೀರಾತು, ‘ಕಳೆದ ಸಂಚಿಕೆಯಿಂದ’ ಎಂದು ಶುರುವಾಗಿ ನಾಯಕಿ ಬಾವಿಯ ಕಡೆ ಓಡುವಲ್ಲಿಗೆ ಕತ್ತರಿ ಬಿದ್ದ ಧಾರಾವಾಹಿ. ನನ್ನ ಬಾಲ್ಯದ ಓದೆಲ್ಲ ಈ ಹಿಂಬದಿಯದೇ. ಆ ಹೆಣ್ಣುಮಗಳು ಬಾವಿಗೆ ಬಿದ್ದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಇಂಟರ್ನೆಟ್ಟಿನಲ್ಲೂ ಹುಡುಕಿದ್ದೇನೆ.

‘ಕಸ್ತೂರಿ’ಯನ್ನು ಮಾತ್ರ ದೊಡ್ಡಪ್ಪ ಕತ್ತರಿಸುತ್ತಿರಲಿಲ್ಲ. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ ಆ ಮಾಸಿಕವೇ ಒಂದು ದೊಡ್ಡ ಕಟಿಂಗು. ಜಗತ್ತಿನ ಎಲ್ಲೆಲ್ಲಿಯದನ್ನೋ ಆರಿಸಿ, ಸೋಸಿ, ಕೊನೆಗೊಂದು ಇಡೀ ಪುಸ್ತಕವನ್ನೇ ಇಳಿಸಿ ಕೊಡುತ್ತಿತ್ತು. ಪಾ.ವೆಂ. ಆಚಾರ್ಯರು ಅದರ ಸಂಪಾದಕರಾಗಿದ್ದ ಕಾಲದಲ್ಲಿ ನಮ್ಮ ಕಡೆ ಅದು ಬಂದರೆ ಇಂಟರ್ನೆಟ್ ಬಂದ ಹಾಗೆಯೇ. ತಿಂಗಳಿಗೊಮ್ಮೆ ಬರುತ್ತಿತ್ತು ಅನ್ನುವುದೊಂದೇ ವ್ಯತ್ಯಾಸ, ಮತ್ತು ಪೂರ್ತಿ ಓದುತ್ತಿದ್ದೆವು ಅನ್ನುವುದು ಇನ್ನೊಂದು.

ಈ ಚಟದ ಮೂಲಪುರುಷ ದೊಡ್ಡಪ್ಪನೂ ಅಲ್ಲ, ಪಾ.ವೆಂ. ಅವರೂ ಅಲ್ಲ. ಅವನು 13ನೇ ಶತಮಾನದ ಮಲ್ಲಿಕಾರ್ಜುನ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಈ ಮಹಾನುಭಾವ ಕೂತು, ಅಲ್ಲಿಯವರೆಗಿನ ಕನ್ನಡ ಕಾವ್ಯಗಳಲ್ಲಿ ತನಗೆ ಸೊಗಸಾಗಿ ಕಂಡ ಪದ್ಯಗಳನ್ನು ಆರಿಸಿ, ಕಡಲು, ಬೆಟ್ಟ, ಪಟ್ಟಣ, ಚಂದ್ರೋದಯ ಅಂತ ವಿಷಯವಾರು ಜೋಡಿಸಿ ‘ಸೂಕ್ತಿಸುಧಾರ್ಣವ’ ಅಂತ ಹೆಸರಿಟ್ಟ. ಪದ್ಯದ ಕೆಳಗೆ ಕವಿಯ ಹೆಸರು ಹಾಕುವ ಗೋಜಿಗೆ ಹೋಗಲಿಲ್ಲ. ಯಾವುದು ಯಾರದು ಎಂದು ಪತ್ತೆ ಹಚ್ಚುವ ಕೆಲಸ ನೂರಾರು ವರ್ಷದ ಮೇಲೆ ವಿದ್ವಾಂಸರ ತಲೆಗೆ ಬಂತು. ಕನ್ನಡದ ಮೊದಲ ಫಾರ್ವರ್ಡ್ ಅದೇ ಇರಬೇಕು. ಆದರೆ ಅವನ ಅದೃಷ್ಟ ನೋಡಿ: ಮನೆಯಲ್ಲಿ ಮಗ ‘ಶಬ್ದಮಣಿದರ್ಪಣ’ದ ಕೇಶಿರಾಜ, ಭಾವಮೈದುನ ಕವಿಚಕ್ರವರ್ತಿ ಜನ್ನ. ಒಂದು ಪದ್ಯ ತೋರಿಸಿದರೆ ತಲೆದೂಗುವವರು ಇದ್ದರು, ತಪ್ಪು ಹಿಡಿಯುವವರೂ ಇದ್ದರು. ನನ್ನ ಭಾವಮೈದುನ ಬೆಂಗಳೂರಿನಲ್ಲಿದ್ದಾನೆ. ನಾನು ಏನು ಕಳಿಸಿದರೂ ‘ನೈಸ್’ ಅಂತಾನೆ. ಒಮ್ಮೆ ಸಂಬಂಧಿಕರ ತಿಥಿಯ ಕಾಗದಕ್ಕೂ ‘ನೈಸ್’ ಅಂದಿದ್ದ.

ನನ್ನ ಬೇಟೆಯ ಕ್ರಮ ಹೀಗೆ. ರಾತ್ರಿ ಊಟವಾದ ಮೇಲೆ ಬೋರಿನ ಮೋಟರಿಗೆ ಸ್ಟಾರ್ಟರ್ ಎಷ್ಟಾಗುತ್ತದೆ ಎಂದು ನೋಡಲು ಫೋನು ಹಿಡಿಯುತ್ತೇನೆ. ಅಲ್ಲಿಂದ ಹೊಳೆನೀರು, ಹೊಳೆಯಿಂದ ತುಂಗಭದ್ರೆ, ತುಂಗಭದ್ರೆಯಿಂದ ಹಳೇ ಶಾಸನ. ಒಂದು ರಾತ್ರಿ ಹೀಗೇ ದಾರಿತಪ್ಪಿ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟಕ್ಕೆ ಹೋಗಿ ಬಿದ್ದೆ. ಬಿದ್ದಲ್ಲಿ ಏನಿತ್ತು ಅಂತೀರಿ? ನಮ್ಮ ಹಿರೇಹಡಗಲಿ! ಅಲ್ಲಿ ಸಿಕ್ಕ ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟಗಳನ್ನು ಜರ್ಮನ್ ವಿದ್ವಾಂಸ ಬ್ಯೂಲರ್ ಓದಿ ಅಚ್ಚು ಹಾಕಿಸಿದ್ದಾನೆ. ಕಾಂಚೀಪುರದಿಂದ ಹೊರಟ ಆಜ್ಞೆ, ಪ್ರಾಕೃತ ಭಾಷೆ, ಸುಮಾರು 4ನೇ ಶತಮಾನ. ದತ್ತಿ ಬಿಟ್ಟ ಊರಿಗೆ ಅಧಿಕಾರಿಗಳು ಹೋಗಿ ಏನೇನನ್ನು ಎತ್ತಿಕೊಂಡು ಬರಬಾರದು ಅನ್ನುವ ಪಟ್ಟಿ ಅದರಲ್ಲಿದೆ: ಹಾಲು-ಮೊಸರು, ಹುಲ್ಲು-ಸೌದೆ, ಕಾಯಿಪಲ್ಯ, ಮತ್ತು ಹೂವು. ಹೂವು! ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಎಬ್ಬಿಸಿ ಹೇಳೋಣವೆಂದರೆ ಪಕ್ಕದಲ್ಲಿದ್ದವರಿಗೆ ಸ್ಟಾರ್ಟರಿನ ರೇಟು ಕೇಳುವ ಅಭ್ಯಾಸ.

ಸಿಕ್ಕಿದ್ದನ್ನು ಇನ್ನೊಬ್ಬರಿಗೆ ಹೇಳದೆ ಬೆಳಗು ಮಾಡುವುದಿದೆಯಲ್ಲ, ಅದು ಹೊಟ್ಟೆನೋವಿಗಿಂತ ಕಷ್ಟ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಮಾರುವ ಅಕ್ಕನ ಮುಂದೆ ನಿಂತೆ. ಕತ್ತಲಿರುವಾಗಲೇ ಬಿಡಿಸಿ ತಂದ ಮೊಗ್ಗು ಒದ್ದೆ ಬಟ್ಟೆಯೊಳಗಿತ್ತು. ಆಕೆಯ ಬೆರಳು ನನ್ನ ಕಡೆ ನೋಡದೆ ಮೊಗ್ಗನ್ನು ಎರಡೆರಡಾಗಿ ಎದುರುಬದುರು ಇಟ್ಟು ಗಂಟು ಹಾಕುತ್ತಿದ್ದವು.

‘ಅಕ್ಕಾ, ಸಾವಿರದ ಆರುನೂರು ವರ್ಷದ ಹಿಂದ ಒಬ್ಬ ರಾಜ, ಸರ್ಕಾರದೋರು ಹೂವು ಪುಕ್ಕಟೆ ಎತ್ತಿಕೊಂಡು ಹೋಗಬಾರ್ದು ಅಂತ ತಾಮ್ರದ ಹಾಳಿ ಮ್ಯಾಲೆ ಬರಿಸ್ಯಾನ.’

‘ಎಲ್ಲೈತ್ರಿ ಅಣ್ಣಾರ ಆ ಹಾಳಿ?’

‘ಫೋನಿನ್ಯಾಗ ಐತಿ.’

‘ಸಂತಿಕರ ಎತ್ತಾಕ ಬರ್ತಾನಲ್ಲ, ಅವ್ನಿಗೆ ತೋರ್ಸಿ ಪುಣ್ಯ ಕಟ್ಕೋರಿ. ನಿಮಗೆಷ್ಟು ಮೊಳ?’

ಬೇಡವಾಗಿದ್ದರೂ ಎರಡು ಮೊಳ ತಗೊಂಡೆ. ಕೇಳುಗರನ್ನು ಪುಕ್ಕಟೆ ಎತ್ತಿಕೊಂಡು ಹೋಗಬಾರದಲ್ಲ.

ಆ ವಾರದ ಪಟ್ಟಿಯಲ್ಲಿ ತಾಮ್ರಪಟಕ್ಕೇ ಮೊದಲ ಸ್ಥಾನ. ಬಂದ ಉತ್ತರ: ಕೈಮುಗಿದ ಚಿತ್ರ ನಾಲ್ಕು, ‘ನೈಸ್’ ಒಂದು. ಆದರೆ ಕೆಲವು ತಿಂಗಳ ಮೇಲೆ ಅದೇ ಸುದ್ದಿ ಬೇರೆ ದಾರಿಯಿಂದ ನನಗೇ ವಾಪಸು ಬಂತು. ದಾರಿಯಲ್ಲಿ ಮೈಕೈ ತುಂಬಿಕೊಂಡಿತ್ತು. ಹಡಗಲಿ ಮಲ್ಲಿಗೆಯೇ ಪ್ರಪಂಚದ ಅತ್ಯಂತ ಹಳೆಯ ಹೂವು, ಯುನೆಸ್ಕೊ ಒಪ್ಪಿದೆ, ನಿಜವಾದ ಕನ್ನಡಿಗನಾದರೆ ಹತ್ತು ಜನಕ್ಕೆ ಕಳಿಸು! ಕಳಿಸಿದವನು ಭಾವಮೈದುನ. ತಾಮ್ರಪಟದಲ್ಲಿ ಮಲ್ಲಿಗೆಯ ಮಾತೇ ಇಲ್ಲ, ಅದು ಬಿಟ್ಟ ಊರು ಹಡಗಲಿಯೂ ಅಲ್ಲ ಎಂದು ಬರೆದೆ. ನಮ್ಮ ಮಲ್ಲಿಗೆಗೆ ನಿಜವಾಗಿ ಸಿಕ್ಕಿರುವುದು ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳಂತೆ ಜಿಐ ಮಾನ್ಯತೆ, ಅದನ್ನು ಬೇಕಾದರೆ ಹತ್ತು ಜನಕ್ಕೆ ಕಳಿಸು ಅಂತಲೂ ಸೇರಿಸಿದೆ. ‘ನೈಸ್’ ಅಂದ.

ಬೀಚಿಯವರ ಪಾಡೂ ಇದೇ. ರಾಯಸಂ ಭೀಮಸೇನರಾಯರು 1913ರಲ್ಲಿ ಹುಟ್ಟಿದ್ದು ಇಲ್ಲೇ ನೆರೆಯ ಹರಪನಹಳ್ಳಿಯಲ್ಲಿ. ಅವರ ತಿಮ್ಮನ ಜೋಕುಗಳು ಈಗ ಐನ್‌ಸ್ಟೀನ್ ಹೆಸರಿನಲ್ಲಿ ಬರುತ್ತವೆ, ಯಾರದೋ ಹಳಸಲು ಮಾತು ಬೀಚಿಯವರ ಫೋಟೊ ಹೊತ್ತು ಬರುತ್ತದೆ. ಅವರು ಹುಟ್ಟಿದ ಜಿಲ್ಲೆ ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ದಾವಣಗೆರೆ, ಮತ್ತೊಂದು ಕಡೆ ವಿಜಯನಗರ. ಹಾಗೆ ನೋಡಿದರೆ ಯಾವುದೂ ಸುಳ್ಳಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸಾಯಿತು, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರಕ್ಕೆ ಸೇರಿತು. ಕೂತಲ್ಲೇ ಕೂತು ಇಷ್ಟು ಪ್ರವಾಸ ಮಾಡಿದ ಊರಿನಲ್ಲಿ ಹಾಸ್ಯಗಾರ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು?

ನಗಲಾಗದ ಮಾಲೂ ಸಿಗುತ್ತದೆ. ವಿ. ಕೃಷ್ಣ ಎಂಬವರು ನಾಲ್ಕು ದಶಕ ಕೂತು ಒಬ್ಬರೇ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಈಗ ಯಾರಿಗಾದರೂ ಪುಕ್ಕಟೆ. ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ವಚನಗಳಿವೆ, ಒಂದು ಶಬ್ದ ಒತ್ತಿದರೆ ಅದು ಬರುವ ವಚನಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ. ಫ.ಗು. ಹಳಕಟ್ಟಿಯವರು ಒಂದೊಂದು ತಾಡೋಲೆಗೆ ಊರೂರು ಅಲೆದದ್ದನ್ನು ನೆನೆದರೆ ಟ್ಯಾಂಕಿಗೆ ಒರಗಿ ನಿಲ್ಲಲು ನಾಚಿಕೆಯಾಗುತ್ತದೆ. ಇಂಥವನ್ನು ಪಟ್ಟಿಯಲ್ಲಿ ಕೊನೆಗೆ ಹಾಕುತ್ತೇನೆ. ಅಲ್ಲಿಯ ತನಕ ಯಾರೂ ಬರುವುದಿಲ್ಲ, ಅವಕ್ಕೆ ಮರ್ಯಾದೆಯಾದರೂ ಉಳಿಯಲಿ.

ಸಾರಾಂಶ ಹೇಳುವ ಕಲೆಯಲ್ಲಿ ಮೈಲಾರದ ಗೊರವಯ್ಯನ ಮುಂದೆ ನಾನು ಏನೂ ಅಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರಿರುತ್ತಾರೆ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ’ ಅಂದರೆ ಅಷ್ಟೂ ಜನ ಗಪ್‌ಚುಪ್. ಒಂದೇ ಸಾಲು ಕಾರಣಿಕ ನುಡಿದು ಮೇಲಿನಿಂದ ಕೆಳಗೆ ಬೀಳುತ್ತಾನೆ. ಮುಂದಿನ ಕೆಲಸ ಜನರದು. ಆ ಒಂದು ಸಾಲಿನಲ್ಲಿ ರೈತ ಮಳೆ ನೋಡುತ್ತಾನೆ, ವ್ಯಾಪಾರಿ ರೇಟು ನೋಡುತ್ತಾನೆ, ರಾಜಕಾರಣಿ ಕುರ್ಚಿ ನೋಡುತ್ತಾನೆ, ವರ್ಷಪೂರ್ತಿ ಜಗ್ಗಾಡುತ್ತಾರೆ. ಭಾನುವಾರ ನಾನೂ ಒಮ್ಮೆ ‘ಸದ್ದಲೇ’ ಅಂತ ಮೇಲೆ ಹಾಕಿ ಒಂದೇ ಒಂದು ಸಾಲು ಕಳಿಸಿ ನೋಡಿದೆ. ಉಳಿದದ್ದು ಕಳಿಸುವುದು ಮರೆತೆಯಾ, ಅಥವಾ ಡೇಟಾ ಖಾಲಿಯಾಯಿತಾ ಅಂತ ಅತ್ತಿಗೆ ಫೋನು ಮಾಡಿ ವಿಚಾರಿಸಿದರು. ಉಪವಾಸ ಮಾಡಿರಲಿಲ್ಲ, ಅದಕ್ಕೇ ಇರಬೇಕು.

ನಿಜವಾದ ಮಾಲು ಸಿಕ್ಕಿದ್ದು ನನಗಲ್ಲ, ಹೂವಿನ ಅಕ್ಕನಿಗೆ. 2021ರ ನವೆಂಬರಿನಲ್ಲಿ ಒಂದು ದಿನ, ನಾನು ಬಾಯಿ ತೆರೆಯುವ ಮೊದಲೇ ಆಕೆ ತನ್ನ ಫೋನು ನನ್ನ ಮುಖಕ್ಕೆ ಹಿಡಿದಳು. ಗಾಜು ಒಡೆದಿತ್ತು. ಅದರೊಳಗೆ ದೆಹಲಿಯ ರಾಷ್ಟ್ರಪತಿ ಭವನ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳಲು ನಡೆದು ಹೋಗುತ್ತಾರೆ, ಕೊಡುವವರ ಎದುರು ನಿಂತು ಸೆರಗಿನಿಂದ ದೃಷ್ಟಿ ತೆಗೆಯುತ್ತಾರೆ. ರಾಷ್ಟ್ರಪತಿ ಕೋವಿಂದರು ನಗುತ್ತಾರೆ.

‘ನೋಡ್ರಿ ಅಣ್ಣಾರ, ನಮ್ಮ ಕಡೇ ಮಂಜವ್ವ! ರಾಷ್ಟ್ರಪತಿಗೇ ದಿಟ್ಟಿ ತಗದ್ಲು. ಯಾರ ಕಣ್ಣು ಹತ್ತಿತ್ತೋ ಏನೋ ಪಾಪ!’

ಬಸ್ಸಿಗೆ ಹೊರಟವರನ್ನೂ ಕರೆಕರೆದು ತೋರಿಸಿದಳು. ಡ್ರೈವರು ಇಳಿದು ಬಂದು ನೋಡಿದ. ಹಾರ್ನು ಹೊಡೆಯಬೇಕಾದವನೇ ಇಲ್ಲಿ ನಿಂತಿದ್ದರಿಂದ ಬಸ್ಸು ತಡವಾಯಿತು. ನನ್ನ ಪಟ್ಟಿಯಿಂದ ಇದುವರೆಗೆ ಒಂದು ಎತ್ತಿನಗಾಡಿಯೂ ತಡವಾಗಿಲ್ಲ.

ಅವತ್ತಿನಿಂದ ಪಟ್ಟಿಯ ರೀತಿ ಬದಲಾಯಿತು. ಆರ್ಡರ್ ತಗೊಳ್ಳತೊಡಗಿದೆ. ಹೂವಿನ ಅಕ್ಕನಿಗೆ ಅವರವ್ವ ನೋಡಿದ್ದ ಕಂಪನಿ ನಾಟಕದ ಹಾಡು ಬೇಕು; ಸಾಲು ಗೊತ್ತಿಲ್ಲ, ‘ಕಡೀಕ ಅಳ್ತಾಳ’ ಅನ್ನುವುದಷ್ಟೇ ಗುರುತು. ಮಿರ್ಚಿ ಅಂಗಡಿಯವನಿಗೆ ಹಳೇ ಕುಸ್ತಿಯ ವಿಡಿಯೊ. ಅತ್ತಿಗೆಗೆ, ಯಾವುದೋ ಧಾರಾವಾಹಿಯಲ್ಲಿ ಯಾರೋ ಉಟ್ಟಿದ್ದ ಸೀರೆ. ಅಣ್ಣನ ಮಗ ಮನೆ ಕಟ್ಟಿಸಿದ್ದ. ‘ಕಾಕಾ, ಗೃಹಪ್ರವೇಶದ ಫ್ಲೆಕ್ಸಿಗೆ ಒಂದು ಚಲೋ ಬಾಗಿಲ ಚಿತ್ರ ಹುಡುಕಿ ಕೊಡು’ ಅಂದ.

ಬಾಗಿಲು ಅಂದರೆ ಬಾಗಿಲು! ಆರ್ಕಿಯಾಲಜಿಕಲ್ ಸರ್ವೆಯ ಅಲೆಕ್ಸಾಂಡರ್ ರೀ ಎಂಬಾತ 1896ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಆಗಲೇ ನನ್ನ ಫೋನಿನಲ್ಲಿತ್ತು. ಮಾಗಳ, ಹಿರೇಹಡಗಲಿ, ಕುರುವತ್ತಿ, ಬಾಗಳಿ, ನಾವು ಚಪ್ಪಲಿ ಬಿಟ್ಟು ಕೈಮುಗಿದು ಬರುವ ಗುಡಿಗಳನ್ನೆಲ್ಲ ಆ ಮನುಷ್ಯ ಅಳತೆ ಹಿಡಿದು ಗೆರೆಗೆರೆ ಬರೆಸಿದ್ದಾನೆ. ಹಿರೇಹಡಗಲಿ ಕಲ್ಲೇಶ್ವರ ಗುಡಿಯ ಬಾಗಿಲುವಾಡದ ಬಳ್ಳಿ, ಸುರುಳಿ, ಪಟ್ಟಿಕೆಗಳನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಗುಡಿಯಲ್ಲಲ್ಲ, ಅವನ ಪುಸ್ತಕದಲ್ಲಿ. ಗುಡಿಯಲ್ಲಿ ಹಿಂದಿನವರು ನೂಕುತ್ತಾರೆ. ಫ್ಲೆಕ್ಸ್ ಅಂಗಡಿಗೆ ಚಿತ್ರ ಕಳಿಸಿ, ಮಲ್ಲಿಕಾರ್ಜುನನ ಹಾಗೆ ಆಗಬಾರದೆಂದು, ಬರೆಸಿದವನ ಹೆಸರನ್ನೂ ಕೆಳಗೆ ಹಾಕಬೇಕು ಅಂದೆ.

‘ಇವ್ರ ಫೋಟೊ ಇಲ್ಲೇನ್ರಿ ಸರ?’ ಅಂತ ಅಂಗಡಿ ಹುಡುಗ ಕೇಳಿದ. ಇಲ್ಲ ಅಂದೆ. ಅವನಿಗೆ ಬೇಜಾರಾಯಿತು.

ಗೃಹಪ್ರವೇಶದ ದಿನ ಬಾಗಿಲ ಮುಂದೆ ಫ್ಲೆಕ್ಸು ನಿಂತಿತ್ತು. ನಡುವೆ ಚಾಲುಕ್ಯರ ಬಾಗಿಲು, ಸುತ್ತಲೂ ತಂಪು ಕನ್ನಡಕ ಹಾಕಿದ ಅಣ್ಣನ ಮಗನ ಗೆಳೆಯರು, ಕೆಳಗೆ ದಪ್ಪಕ್ಷರದಲ್ಲಿ: ‘ಶುಭ ಕೋರುವವರು: ಶ್ರೀ ಅಲೆಕ್ಸಾಂಡರ್ ರೀ, ಮದ್ರಾಸ್, ಹಾಗೂ ಗೆಳೆಯರ ಬಳಗ.’

ಉಂಡು ಎಲೆಅಡಿಕೆ ಹಾಕಿಕೊಳ್ಳುತ್ತ ಬೀಗರ ಕಡೆಯ ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ಓದಿದರು. ‘ಈ ಮದ್ರಾಸಿನೋರು ನಿಮಗೆ ಹೆಂಗ ಸಂಬಂಧ ಆಗ್ಬೇಕ್ರಿ?’ ಅಂದರು.

‘ಹಳೇ ಸಂಬಂಧ ರೀ, ಯಜಮಾನರ. ಬಳ್ಳಾರಿ ಜಿಲ್ಲಾ ಮೈಸೂರಿಗೆ ಸೇರಿದ್ದು 1953ಕ್ಕ. ಅದಕ್ಕೂ ಮೊದ್ಲು ನಾವೂ ಮದ್ರಾಸಿನೋರ.’

‘ಹಂಗಾರ ಊಟಕ್ಕ ಕರೀಬೇಕಾಗಿತ್ತಲ್ರಿ’ ಅಂದರು.