ಗಾರ್ಡಿಯನ್ ಕೆಟ್ಟುಹೋಯಿತಂತೆ!

ಬೆಳಗಿನ ಕಾಫಿಯ ಜೊತೆ ಕೆಲವರಿಗೆ ಪತ್ರಿಕೆ ಬೇಕು. ನನಗೆ ಪತ್ರಿಕೆಯನ್ನು ಬೈಯುವವರು ಬೇಕು. ಈ ವಿದ್ಯೆಯಲ್ಲಿ ಲಂಡನ್ನಿನ 'ಗಾರ್ಡಿಯನ್' ಓದುಗರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಅವರ ಸಿಟ್ಟಿನ ಪತ್ರದಲ್ಲಿ ಒಂದು ಅಲ್ಪವಿರಾಮವೂ ಜಾಗ ತಪ್ಪುವುದಿಲ್ಲ. ಮೊದಲ ವಾಕ್ಯದಲ್ಲಿ ವಂಶಾವಳಿ: ತಾತನ ಕಾಲದಿಂದ ನಮ್ಮ ಮನೆಗೆ ಇದೇ ಪತ್ರಿಕೆ. ಎರಡನೆಯದರಲ್ಲಿ ಶೋಕ: ಇಷ್ಟು ಕೆಟ್ಟುಹೋದೀತೆಂದು ಎಣಿಸಿರಲಿಲ್ಲ.

"ಅಷ್ಟು ಕೆಟ್ಟಿದ್ದರೆ ಬಿಟ್ಟುಬಿಡಬಾರದೇನ್ರೀ?" ಎಂದಳು ನನ್ನಾಕೆ.

ಬಿಟ್ಟು ಹೋಗುವುದೆಲ್ಲಿಗೆ? ಉದಾರವಾದಿ ಓದುಗ ಬಲಪಂಥೀಯ 'ಡೇಲಿ ಮೇಲ್' ಕಡೆ ಕಣ್ಣು ಹಾಯಿಸಿದರೂ ಮೈಲಿಗೆ. 'ಇಂಡಿಪೆಂಡೆಂಟ್' 2016ರಲ್ಲೇ ಅಚ್ಚಾಗುವುದನ್ನು ನಿಲ್ಲಿಸಿತು. ಹೀಗಾಗಿ, ಸಾರಿಗೆ ಉಪ್ಪಿಲ್ಲ ಎನ್ನುತ್ತಲೇ ಮೂರನೆಯ ಸಲ ಬಡಿಸಿಕೊಳ್ಳುವ ಭಾವನವರಂತೆ, ಇವರೂ ಎಲೆ ಬಿಟ್ಟು ಏಳುವುದಿಲ್ಲ. ಇನ್ನೊಂದು ಸಂಕಟವೂ ಉಂಟು. 'ಸನ್', 'ಟೈಮ್ಸ್' ಓದುಗರಾದರೆ ಅವುಗಳ ಧಣಿ ಮರ್ಡೋಕ್ ಅವರನ್ನು ನಾಲ್ಕು ಮಾತು ಅಂದು ಹಗುರಾಗಬಹುದು. ಗಾರ್ಡಿಯನ್ 1936ರಿಂದ ಸ್ಕಾಟ್ ಟ್ರಸ್ಟಿನ ಕೈಯಲ್ಲಿದೆ. ಲಾಭ ಜೇಬಿಗಿಳಿಸುವ ಧಣಿಯೇ ಇಲ್ಲ. ಪಾಪ, ಯಾರನ್ನು ಬೈಯುವುದು?

ಹಾಗಾದರೆ ಕೆಟ್ಟದ್ದು ಯಾವಾಗಿನಿಂದ? ಇದನ್ನು ಪತ್ತೆಮಾಡಲು ಹೊರಟರೆ ಸುವರ್ಣಯುಗ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತದೆ. 1970ರ ದಶಕದಲ್ಲಿ ಎಲ್ಲ ಚೆನ್ನಾಗಿತ್ತು ಎನ್ನೋಣವೆಂದರೆ, ಆಗಿನ ಮುದ್ರಣದೋಷಗಳ ಹಾವಳಿಗೆ 'ಪ್ರೈವೇಟ್ ಐ' ಎಂಬ ವಿಡಂಬನಾ ಪತ್ರಿಕೆ ಇದರ ಹೆಸರನ್ನೇ ತಪ್ಪಾಗಿ ಜೋಡಿಸಿ 'ಗ್ರೌನಿಯಡ್' ಎಂದು ಕರೆಯುತ್ತಿತ್ತು. 1997ರಲ್ಲಿ ಪತ್ರಿಕೆ ದಿನಾ ತಪ್ಪೊಪ್ಪಿಕೊಳ್ಳಲು ಒಂದು ಅಂಕಣವನ್ನೇ ತೆರೆದು, ಇಯಾನ್ ಮೇಯ್ಸ್ ಅವರನ್ನು ಓದುಗರ ಸಂಪಾದಕರೆಂದು ಕೂರಿಸಿತು. ಆ ಅಂಕಣ ಎಷ್ಟು ಸೊಗಸಾಗಿತ್ತೆಂದರೆ ತಪ್ಪುಗಳ ಸಂಕಲನವೇ ಪುಸ್ತಕವಾಗಿ ಬಂತು.

ಆದರೆ ಹಳಬರ ಹಳಹಳಿಕೆಯಲ್ಲಿ ನಿಜವಿಲ್ಲವೆನ್ನಲಾರೆ. 1977ರ ಏಪ್ರಿಲ್ 1ರಂದು ಇದೇ ಪತ್ರಿಕೆ 'ಸಾನ್ ಸೆರಿಫ್' ಎಂಬ ದ್ವೀಪರಾಷ್ಟ್ರದ ಬಗ್ಗೆ ಏಳು ಪುಟಗಳ ವಿಶೇಷ ಪುರವಣಿ ತಂದಿತು. ದ್ವೀಪಗಳ ಆಕಾರ ಅರ್ಧವಿರಾಮ ಚಿಹ್ನೆಯದು. ಊರು, ಸರ್ವಾಧಿಕಾರಿ, ಬಂದರು ಎಲ್ಲಕ್ಕೂ ಅಚ್ಚುಮೊಳೆಗಳ ಹೆಸರು. ಅಂಥ ದೇಶವೇ ಇರಲಿಲ್ಲ. ಓದುಗರು ಮಾತ್ರ ರಜೆಗೆ ಹೋಗಿಬರೋಣವೆಂದು ವಿಚಾರಿಸತೊಡಗಿದರು. ಆಗ ಸುಳ್ಳು ಹೇಳಬೇಕಾದರೂ ಏಳು ಪುಟ ದುಡಿಯುತ್ತಿದ್ದರು!

ಮಟ್ಟ ಇಳಿಯಿತೋ ಇಲ್ಲವೋ, ಅಳತೆಯಂತೂ ಇಳಿದಿದೆ. ಎರಡು ಕೈ ಅಗಲಿಸಿ ಓದುತ್ತಿದ್ದ ಪತ್ರಿಕೆ 2005ರಲ್ಲಿ ಕಿರಿದಾಗಿ, 2018ರಲ್ಲಿ ಟ್ಯಾಬ್ಲಾಯ್ಡ್ ಆಯಿತು. ಮನೆಯವರ ಮುಖ ತಪ್ಪಿಸಿಕೊಳ್ಳಲು ಪತ್ರಿಕೆ ಅಡ್ಡ ಹಿಡಿಯುತ್ತಿದ್ದ ಗಂಡಸರಿಗೆ ಇದು ಸಣ್ಣ ನಷ್ಟವಲ್ಲ.

ಓದುಗರ ದೊಡ್ಡ ದೂರು ಬೇರೆಯೇ: ವರದಿಗಿಂತ ಅಭಿಪ್ರಾಯ ಹೆಚ್ಚಾಯಿತು, ಅಭಿಪ್ರಾಯಕ್ಕಿಂತ ಆತ್ಮಕಥೆ ಹೆಚ್ಚಾಯಿತು. 57 ವರ್ಷ ಸಂಪಾದಕರಾಗಿದ್ದ ಸಿ.ಪಿ. ಸ್ಕಾಟ್ 1921ರಲ್ಲಿ, ಪತ್ರಿಕೆಗೆ ನೂರು ತುಂಬಿದಾಗ, ಅಭಿಪ್ರಾಯಕ್ಕೆ ಸ್ವಾತಂತ್ರ್ಯವಿದೆ, ಆದರೆ ಸಂಗತಿ ಪವಿತ್ರ ಎಂದು ಬರೆದಿದ್ದರು. ಸಂಗತಿ ತರಲು ವರದಿಗಾರನನ್ನು ಊರಿಂದೂರಿಗೆ ಕಳಿಸಬೇಕು, ವಸತಿಗೆ ದುಡ್ಡು ಕೊಡಬೇಕು, ಅವನು ಬರಿಗೈಲಿ ಬಂದರೂ ಸುಮ್ಮನಿರಬೇಕು. ಅಭಿಪ್ರಾಯ ಕೂತಲ್ಲೇ ಹುಟ್ಟುತ್ತದೆ. ಪವಿತ್ರವಾದದ್ದಕ್ಕೆ ಖರ್ಚು ಜಾಸ್ತಿ. ಜಾಲತಾಣದಲ್ಲಿ ಬಿಟ್ಟಿಯಾಗಿ ಓದಿ, ಕೊನೆಯಲ್ಲಿ ಚಂದಾ ಕೇಳುವ ಹಳದಿ ಚೌಕವನ್ನು ದಾಟಿಹೋಗುವ ನನ್ನಂಥವರಿಂದ ಆ ದುಡ್ಡು ಹುಟ್ಟುವುದಿಲ್ಲ.

ಹಾಗೆಂದು ಓದುಗರ ಸಿಟ್ಟೇ ಗುಣಮಟ್ಟದ ಅಳತೆಗೋಲೂ ಅಲ್ಲ. ಇದೇ ಸ್ಕಾಟ್, ಬ್ರಿಟನ್ ದಕ್ಷಿಣ ಆಫ್ರಿಕಾದಲ್ಲಿ ನಡೆಸಿದ ಬೋಯರ್ ಯುದ್ಧವನ್ನು ವಿರೋಧಿಸಿದಾಗ ಮಾರಾಟ ಬಿತ್ತು. ಅವರ ಮನೆಗೂ ಕಚೇರಿಗೂ ಪೊಲೀಸರ ಕಾವಲು ಬೇಕಾಯಿತು. 1956ರಲ್ಲಿ ಈಜಿಪ್ಟಿನ ಮೇಲೆ ಬ್ರಿಟನ್ ನಡೆಸಿದ ಸೂಯೆಜ್ ದಾಳಿಯನ್ನು ಪತ್ರಿಕೆ ಖಂಡಿಸಿದಾಗಲೂ ಬೈಗುಳ ತಪ್ಪಲಿಲ್ಲ. ಅಂದು ಪತ್ರಿಕೆ ಏನೋ ಹೇಳಿತೆಂದು ಸಿಟ್ಟು. ಇಂದು ಏನೂ ಹೇಳಲಿಲ್ಲವೆಂದು ಸಿಟ್ಟು. ಸಂಪಾದಕರಿಗೆ ಹೆಚ್ಚು ಚುಚ್ಚಬೇಕಾದದ್ದು ಎರಡನೆಯದು. ಸಿಟ್ಟು ಓದುಗರದ್ದಷ್ಟೇ ಅಲ್ಲ: 1791ರಲ್ಲಿ ಹುಟ್ಟಿದ, ಸೋದರ ಪತ್ರಿಕೆಯಾಗಿದ್ದ 'ಅಬ್ಸರ್ವರ್' ಮಾರುವ ಮಾತು ಬಂದು 2024ರ ಡಿಸೆಂಬರಿನಲ್ಲಿ ಪತ್ರಕರ್ತರೇ ಮುಷ್ಕರ ಹೂಡಿದರು. ಮಾರಾಟ ನಿಲ್ಲಲಿಲ್ಲ.

ಇನ್ನೂರು ವರ್ಷ ತುಂಬಿದ 2021ರಲ್ಲಿ ಗಾರ್ಡಿಯನ್ ತನ್ನ ದೊಡ್ಡ ಎಡವಟ್ಟುಗಳನ್ನು ತಾನೇ ಪ್ರಕಟಿಸಿತು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ದಕ್ಷಿಣದ ಕಡೆ ವಾಲಿದ್ದು, ಹಿಮಯುಗ ಬೇಗ ಬರಲಿದೆ ಎಂದು 1974ರಲ್ಲಿ ಬರೆದದ್ದು, ಎಲ್ಲವೂ ಅದರಲ್ಲಿತ್ತು. ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು, ಪಟ್ಟಿಯನ್ನು ಕೊನೆತನಕ ಓದಿದ ಹಳೆಯ ಓದುಗ ಏನಂದಿರಬಹುದು? ನಾನು ಊಹಿಸಬಲ್ಲೆ.

"ಇಷ್ಟೇನಾ?"