ಕರದಂಟಿನ ಸೀಮೆಯ ಹಟಮಾರಿ ಡಬ್ಬಿ

ಗೋಕಾಕ ಜಲಪಾತದ ನೀರಿನಿಂದ ಬಹಳ ಹಿಂದೆಯೇ ವಿದ್ಯುತ್ ತೆಗೆದರು. ಅದೇ ಸೀಮೆಯ ಮನೆಯೊಳಗೆ ಈಗ ಕಂಪ್ಯೂಟರ್ ಆನ್ ಆಗುತ್ತದೆ, ವಾಲ್‌ಪೇಪರ್ ತೋರಿಸುತ್ತದೆ, ಆಮೇಲೆ ಸ್ತಬ್ಧ! ಮೌಸ್ ಎಷ್ಟು ಕುಲುಕಿದರೂ ಬಾಣ ಜಪ್ಪಯ್ಯ ಅನ್ನುವುದಿಲ್ಲ. ಮರುದಿನ ಏನೂ ಆಗಿಲ್ಲವೆಂಬಂತೆ ಓಡುತ್ತದೆ.

ಮೊದಲ ಆಪಾದನೆ ಕರೆಂಟಿನ ಮೇಲೆ. ಹುಕ್ಕೇರಿಯಲ್ಲಿ ಅದೂ ಕಷ್ಟ. ಅಲ್ಲಿ ಕರೆಂಟ್ ಹಂಚುವುದು ಊರವರದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಬೈದರೆ ತಮ್ಮನ್ನೇ ಬೈದುಕೊಂಡಂತೆ.

ಮೂಡಲಗಿಯ ಹಿರಿಯರಿಗೆ ದೃಷ್ಟಿಯ ಅನುಮಾನ. ‘ಒಂದ್ ನಿಂಬಿಹಣ್ಣ ಕಟ್ರಿ, ನಡೀತದ.’

ನಿಜವಾದ ದೃಷ್ಟಿ ದೂಳಿನದು. ಕಬ್ಬು ನುರಿಸುವ ಕಾಲದಲ್ಲಿ ಹಾರುವ ಬೂದಿ ಕ್ಯಾಬಿನೆಟ್ ಹೊಕ್ಕು ಫ್ಯಾನಿಗೆ ಕಂಬಳಿ ಹೊದಿಸುತ್ತದೆ; ಬಿಸಿಯೇರಿದ ಪ್ರೊಸೆಸರ್ ಮುಷ್ಕರ ಹೂಡುತ್ತದೆ. ಪ್ಲಗ್ ಕಿತ್ತು ದೂಳು ಊದಬೇಕು, ಸಡಿಲಾದ ರ‍್ಯಾಮ್ ತೆಗೆದು ಒತ್ತಿ ಕೂರಿಸಬೇಕು (ಕರದಂಟು ತಿಂದ ಕೈಯಿಂದ ಬೇಡ). ಸೇಫ್ ಮೋಡ್‌ನಲ್ಲಿ ನೆಟ್ಟಗೆ ನಡೆದರೆ ಬಹುಶಃ ಡ್ರೈವರ್‌ನದೋ, ಆರಂಭದಲ್ಲೇ ಏಳುವ ಪ್ರೋಗ್ರಾಮ್‌ನದೋ ತಂಟೆ. ಒಂದೇ ಯಂತ್ರಕ್ಕೆ ಎರಡು ಆಂಟಿವೈರಸ್ ಹಾಕಿದ ಮಹನೀಯರೂ ಇದ್ದಾರೆ. ಕಾವಲುಗಾರರಿಬ್ಬರೂ ಪರಸ್ಪರರನ್ನೇ ಹಿಡಿಯುತ್ತಾರೆ.

ಹಾರ್ಡ್ ಡಿಸ್ಕ್ ಟಕಟಕ ಅಂದರೆ ಮಾತ್ರ ನಿಂಬೆಹಣ್ಣು, ಸ್ಕ್ರೂ ಡ್ರೈವರ್ ಎರಡನ್ನೂ ಬದಿಗಿಟ್ಟು ಮದುವೆಯ ಫೋಟೋಗಳನ್ನು ಮೊದಲು ನಕಲು ಮಾಡಿಕೊಳ್ಳಬೇಕು.